ಬೆಳಗ್ಗೆ ಆರೂವರೆಗೆ ಲ್ಯಾಬ್ ಮೆಟ್ಟಿಲ ಮೇಲೆ: ಶುಗರ್ ಟೆಸ್ಟ್ ಮಾಡಿಸುವ ಮುಂಚೆ, ಮಾಡಿಸಿದ ಮೇಲೆ

ಬೆಳಗ್ಗೆ ಆರೂವರೆಗೆ ನಮ್ಮ ಲ್ಯಾಬ್ ಶಟರ್ ಎತ್ತುವಷ್ಟರಲ್ಲಿ ಮೆಟ್ಟಿಲ ಮೇಲೆ ನಾಲ್ಕೈದು ಜನ ಕೂತಿರುತ್ತಾರೆ. ಒಬ್ಬರು ಕುಕ್ಕರಹಳ್ಳಿ ಕೆರೆ ಸುತ್ತಿ ಬೆವರು ಒರೆಸಿಕೊಳ್ಳುತ್ತಾ ಬಂದಿರುತ್ತಾರೆ. ಇನ್ನೊಬ್ಬರು ಮಂಡ್ಯ ಕಡೆಯಿಂದ ಮೊದಲ ಬಸ್ಸಿಗೆ ಬಂದಿರುತ್ತಾರೆ. "ಖಾಲಿ ಹೊಟ್ಟೇಲಿ ಇದ್ದೀರಾ ಯಜಮಾನ್ರೇ?" ಅಂದರೆ "ಹೂಂ ಕಣಪ್ಪ, ಏನೂ ಮುಟ್ಟಿಲ್ಲ" ಅನ್ನುತ್ತಾರೆ. ತೋಳಿಗೆ ಪಟ್ಟಿ ಕಟ್ಟಿ ಸೂಜಿ ಕೈಗೆತ್ತಿಕೊಂಡ ಮೇಲೆ ಮೆಲ್ಲಗೆ ಹೊರಬರುತ್ತದೆ: "ಒಂದ್ ಲೋಟ ಕಾಫಿ ಕುಡ್ದೆ ಅಷ್ಟೇಯ. ಸಕ್ರೆ ಹಾಕಿಲ್ಲ, ಬೆಲ್ಲದ ಕಾಫಿ."

ಹನ್ನೆರಡು ವರ್ಷದಿಂದ ಮೈಸೂರಿನಲ್ಲಿ ರಕ್ತ ತೆಗೆಯುವುದೇ ನನ್ನ ಕೆಲಸ. ಡಾಕ್ಟರಲ್ಲ, ಲ್ಯಾಬ್ ಟೆಕ್ನಿಷಿಯನ್. ಔಷಧಿ ಹೇಳಲು ನನಗೆ ಅಧಿಕಾರವಿಲ್ಲ, ಹೇಳುವುದೂ ಇಲ್ಲ. ಆದರೆ ರಿಪೋರ್ಟ್ ಹಿಡಿದುಕೊಂಡು ಒಂದೇ ನಂಬರ್ ನೋಡಿ ಅಳುವವರನ್ನೂ ನೋಡಿದ್ದೇನೆ, ಒಂದೇ ನಂಬರ್ ನೋಡಿ ಸಮಾಧಾನ ಪಟ್ಟುಕೊಂಡು ಸೀದಾ ದೋಸೆ ತಿನ್ನಲು ಹೋದವರನ್ನೂ ನೋಡಿದ್ದೇನೆ. ಇಬ್ಬರೂ ತಪ್ಪು ಮಾಡಿರಬಹುದು. ಶುಗರ್ ಇದೆಯೋ ಇಲ್ಲವೋ ಅಂತ ಹೇಳುವುದು ಒಂದು ನಂಬರ್ ಅಲ್ಲ. ಆ ನಂಬರ್ ಹೇಗೆ ಬಂತು, ಪಕ್ಕದ ನಂಬರ್ ಏನು ಹೇಳುತ್ತಿದೆ ಅನ್ನುವುದನ್ನೂ ನೋಡಬೇಕು. ಅದನ್ನೇ ಇಲ್ಲಿ ಒಂದೊಂದಾಗಿ ಬರೆಯುತ್ತಿದ್ದೇನೆ.

ಮೊದಲು: ನೀವು ಮಾಡಿಸಬೇಕಾ?

ಮೂವತ್ತು ದಾಟಿದ್ದರೆ ಹೌದು. ಸರ್ಕಾರದ ತಪಾಸಣೆ ಕಾರ್ಯಕ್ರಮವೂ 30 ವರ್ಷದಿಂದಲೇ ಶುರುವಾಗುತ್ತದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಫಾರಂ ತುಂಬಿಸಿಕೊಂಡು ಹೋಗುತ್ತಾರಲ್ಲ, ಅದು ಇದಕ್ಕೇ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ ದೊಡ್ಡ ಸಮೀಕ್ಷೆಯ ಲೆಕ್ಕ 2023ರಲ್ಲಿ ಪ್ರಕಟವಾಯಿತು: ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಡಯಾಬಿಟಿಸ್, 13.6 ಕೋಟಿ ಜನರಿಗೆ ಪ್ರೀ-ಡಯಾಬಿಟಿಸ್, ಅಂದರೆ ಸಕ್ಕರೆ ಏರಿದೆ, ಇನ್ನೂ ಕಾಯಿಲೆಯ ಗೆರೆ ದಾಟಿಲ್ಲ. ಹಾಗೆ ಅಂಚಿನ ಮೇಲೆ ನಿಂತವರೇ ಜಾಸ್ತಿ. ಅಂಚಿನಲ್ಲಿರುವವರಿಗೆ ಸಾಮಾನ್ಯವಾಗಿ ಯಾವ ಕಷ್ಟವೂ ಗೊತ್ತಾಗುವುದಿಲ್ಲ.

ಮೂವತ್ತಾಗಿಲ್ಲ ಅಂತ ಬಿಡಬೇಡಿ. ಚೆನ್ನೈನ ಸಂಶೋಧಕರು 2005ರಲ್ಲಿ ನಮ್ಮ ಜನಕ್ಕೇ ಅಂತ ಒಂದು ಸರಳ ಲೆಕ್ಕ ಮಾಡಿಕೊಟ್ಟಿದ್ದಾರೆ. ಅದಕ್ಕೆ ರಕ್ತ ಬೇಡ, ಒಂದು ಟೈಲರ್ ಟೇಪ್ ಸಾಕು. ವಯಸ್ಸು 35ಕ್ಕಿಂತ ಕಮ್ಮಿ ಇದ್ದರೆ ಸೊನ್ನೆ, 35ರಿಂದ 49 ಆದರೆ 20 ಅಂಕ, 50 ಅಥವಾ ಮೇಲಾದರೆ 30. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಮುಟ್ಟಿದ್ದರೆ 10, ಅದಕ್ಕಿಂತ ಇನ್ನೂ 10 ಸೆಂ.ಮೀ. ಮೇಲೆ ಹೋಗಿದ್ದರೆ 20. ವ್ಯಾಯಾಮವೂ ಇದೆ, ಮೈಮುರಿಯುವ ಕೆಲಸವೂ ಇದೆ ಅಂದರೆ ಸೊನ್ನೆ. ಎರಡರಲ್ಲಿ ಒಂದಿದ್ದರೆ 20, ಎರಡೂ ಇಲ್ಲದಿದ್ದರೆ 30. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಶುಗರ್ ಇದ್ದರೆ 10, ಇಬ್ಬರಿಗೂ ಇದ್ದರೆ 20. ಎಲ್ಲ ಕೂಡಿಸಿ 60 ಅಥವಾ ಮೇಲೆ ಬಂದರೆ ಅಪಾಯ ಜಾಸ್ತಿ, ಈ ವಾರವೇ ಟೆಸ್ಟ್ ಮಾಡಿಸಿ. ಸೊಂಟದಳತೆ ಅಂದರೆ ಪ್ಯಾಂಟಿನ ಸೈಜ್ ಅಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡು ಅಳೆದರೆ ಮೋಸ ಹೋಗುವವರು ನೀವೇ.

"ನಮ್ಮದು ಗದ್ದೆ ಕೆಲಸ, ನಮಗ್ಯಾಕೆ ಬತ್ತದೆ ಶುಗರ್ರು?" ಅಂತ ಮಂಡ್ಯ ಕಡೆಯವರು ಈಗಲೂ ಕೇಳುತ್ತಾರೆ. ಮೊದಲು ಆ ಮಾತಿಗೆ ತೂಕವಿತ್ತು. ಈಗ ಉಳುವುದಕ್ಕೆ ಟ್ರ್ಯಾಕ್ಟರ್, ಕುಯ್ಯುವುದಕ್ಕೆ ಮಿಷಿನ್, ಪಂಪ್‌ಸೆಟ್ ಮೋಟರನ್ನು ಮಂಚದ ಮೇಲೆ ಮಲಗಿಕೊಂಡೇ ಮೊಬೈಲಲ್ಲಿ ಆನ್ ಮಾಡಬಹುದು. ಊಟದ ತಟ್ಟೆ ಮಾತ್ರ ಹಳೇ ಸೈಜಿನದ್ದೇ.

ಇನ್ನು ಮೂರು ವಿಷಯ ಕಂಡರೆ ವಯಸ್ಸು ನೋಡಬೇಡಿ. ಒಂದು, ಕತ್ತಿನ ಹಿಂದೆ, ಕಂಕುಳಲ್ಲಿ ಚರ್ಮ ದಪ್ಪಗೆ ಕಪ್ಪಗಾಗಿ ಮಖಮಲ್ ತರ ಆಗಿದ್ದರೆ. ಇದನ್ನು ಕೊಳೆ ಅಂತ ತಿಳಿದು ಮಕ್ಕಳಿಗೆ ಕಲ್ಲು ಹಾಕಿ ಉಜ್ಜುವ ತಾಯಂದಿರಿದ್ದಾರೆ. ಅದು ಕೊಳೆಯಲ್ಲ, ರಕ್ತದಲ್ಲಿ ಇನ್ಸುಲಿನ್, ಅಂದರೆ ಸಕ್ಕರೆಯನ್ನು ಹಿಡಿತದಲ್ಲಿಡುವ ಹಾರ್ಮೋನ್, ಜಾಸ್ತಿ ಇರುವುದರ ಗುರುತಾಗಿರಬಹುದು. ಎರಡು, ಪಿಸಿಓಎಸ್ (ಹೆಂಗಸರ ಅಂಡಾಶಯದ ಹಾರ್ಮೋನ್ ತೊಂದರೆ), ಬಿಪಿ ಅಥವಾ ಫ್ಯಾಟಿ ಲಿವರ್ ಇದ್ದರೆ. ಮೂರು, ಬಸುರಿಯಾಗಿದ್ದಾಗ ಶುಗರ್ ಬಂದಿದ್ದರೆ. ಹೆರಿಗೆಯಾದ ಮೇಲೆ ಶುಗರ್ ಹೋಯಿತು ಅಂತ ಎಲ್ಲರೂ ಮರೆತುಬಿಡುತ್ತಾರೆ. ಹೆರಿಗೆಯಾಗಿ ಆರು ವಾರಕ್ಕೆ ಒಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಜೀವನವಿಡೀ ನೋಡಿಸಬೇಕು.

ಬಸುರಿಯರ ಶುಗರ್ ಬಗ್ಗೆ ನಡೆದ ಸಂಶೋಧನೆಯಲ್ಲಿ ನಮ್ಮೂರಿನ ಹೆಸರೂ ಇದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವು ಮಿಷನ್ ಆಸ್ಪತ್ರೆ ಅನ್ನುತ್ತೇವಲ್ಲ, ಅಲ್ಲಿ 1997-98ರಲ್ಲಿ ಬಸುರಿಯರ ರಕ್ತ ಪರೀಕ್ಷೆ ಮಾಡಿ, ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಳೆದರು. ತಾಯಿಗೆ ಆಗ ಶುಗರ್ ಇದ್ದ ಮಕ್ಕಳಲ್ಲಿ ಒಂಬತ್ತು-ಹತ್ತು ವರ್ಷಕ್ಕೇ ಕೊಬ್ಬೂ ಜಾಸ್ತಿ, ಇನ್ಸುಲಿನ್‌ಗೆ ಮೈ ಬಗ್ಗದಿರುವುದೂ ಜಾಸ್ತಿ ಕಂಡಿತು. ಹಾಗಾಗಿ "ನಮ್ಮಮ್ಮನಿಗೆ ನಾನು ಹೊಟ್ಟೆಲಿದ್ದಾಗ ಶುಗರ್ ಇತ್ತಂತೆ" ಅನ್ನುವ ಮಾತು ಸುಮ್ನೆ ಕಥೆಯಲ್ಲ, ಡಾಕ್ಟರಿಗೆ ಹೇಳಲೇಬೇಕಾದ ವಿಷಯ.

ಮೂತ್ರಕ್ಕೆ ಇರುವೆ ಮುತ್ತಿದರೆ ನೋಡೋಣ ಅಂತ ಕಾಯಬೇಡಿ. ರಕ್ತದಲ್ಲಿ ಸಕ್ಕರೆ ಸುಮಾರು 180 (ರಿಪೋರ್ಟಿನಲ್ಲಿ mg/dL ಅಂತ ಇರುವ ಲೆಕ್ಕ, ಮುಂದೆಯೂ ಇದೇ) ದಾಟಿದ ಮೇಲೆಯೇ ಅದು ಮೂತ್ರಕ್ಕೆ ಇಳಿಯುವುದು. ಅಷ್ಟರಲ್ಲಿ ಅಂಚು ದಾಟಿ ಎಷ್ಟೋ ದೂರ ಹೋಗಿರುತ್ತೀರಿ.

ಆಮೇಲೆ: ಯಾವ ಟೆಸ್ಟ್ ಅಂತ ಕೇಳಬೇಕು

"ಶುಗರ್ ಟೆಸ್ಟ್ ಮಾಡಿ" ಅಂದರೆ ಸಾಲದು. ಕೌಂಟರಿನಲ್ಲಿ ನಾಲ್ಕು ತರದ್ದು ಸಿಗುತ್ತದೆ.

ಫಾಸ್ಟಿಂಗ್, ಅಂದರೆ ಖಾಲಿ ಹೊಟ್ಟೆಯದ್ದು. ಅಗ್ಗ, ಎಲ್ಲ ಕಡೆ ಸಿಗುತ್ತದೆ.

ಎಚ್‌ಬಿಎ1ಸಿ, ಜನರ ಬಾಯಲ್ಲಿ "ಮೂರು ತಿಂಗಳ ಶುಗರ್". ಕೆಂಪು ರಕ್ತಕಣದೊಳಗಿನ ಹಿಮೋಗ್ಲೋಬಿನ್‌ಗೆ ಸಕ್ಕರೆ ಅಂಟಿಕೊಳ್ಳುತ್ತದೆ, ಅಂಟಿದ್ದು ಬಿಡುವುದಿಲ್ಲ. ಕಣದ ಆಯಸ್ಸು ಸುಮಾರು 120 ದಿನ. ಎಷ್ಟು ಅಂಟಿದೆ ಅಂತ ಅಳೆದರೆ ಎರಡು-ಮೂರು ತಿಂಗಳ ಸರಾಸರಿ ಸಿಗುತ್ತದೆ. ಹೆಸರಿಗೆ ಮೂರು ತಿಂಗಳದ್ದು, ಆದರೂ ಹೆಚ್ಚುಕಮ್ಮಿ ಅರ್ಧ ಭಾಗ ಕೊನೆಯ ಒಂದು ತಿಂಗಳಿನದ್ದೇ. ಇದಕ್ಕೆ ಉಪವಾಸ ಬೇಡ, ಸಂಜೆ ಬಂದರೂ ಆಯಿತು.

ಜಿಟಿಟಿ, ಗ್ಲೂಕೋಸ್ ನೀರು ಕುಡಿಸಿ ಮಾಡುವುದು. ಮೊದಲು ಖಾಲಿ ಹೊಟ್ಟೆಯಲ್ಲಿ ರಕ್ತ, ಆಮೇಲೆ 75 ಗ್ರಾಂ ಗ್ಲೂಕೋಸ್ ನೀರಲ್ಲಿ ಕಲಸಿ ಐದು ನಿಮಿಷದೊಳಗೆ ಕುಡಿಯಬೇಕು, ಎರಡು ಗಂಟೆಗೆ ಮತ್ತೆ ರಕ್ತ. ಬಾಯೆಲ್ಲ ಸಿಹಿಯಾಗಿ ಕೆಲವರಿಗೆ ವಾಕರಿಕೆ ಬರುತ್ತದೆ. ಆ ಎರಡು ಗಂಟೆ ಅಲ್ಲೇ ಕೂತಿರಬೇಕು. ದೇವರಾಜ ಮಾರ್ಕೆಟ್‌ಗೆ ಹೋಗಿ ತರಕಾರಿ ತಂದುಬಿಡ್ತೀನಿ ಅಂದರೆ ಆಗುವುದಿಲ್ಲ, ಬೀಡಿ ಸಿಗರೇಟೂ ಇಲ್ಲ.

ಪಿಪಿ, ತಿಂಡಿ ತಿಂದು ಎರಡು ಗಂಟೆಗೆ. ನಮ್ಮಲ್ಲಿ ಇದೇ ಜಾಸ್ತಿ ಚಾಲ್ತಿಯಲ್ಲಿದೆ. ಆದರೆ ಒಬ್ಬರು ಎರಡು ಇಡ್ಲಿ ತಿಂದು ಬರುತ್ತಾರೆ, ಇನ್ನೊಬ್ಬರು ಮಸಾಲೆ ದೋಸೆ ಜೊತೆಗೆ ಒಂದು ಪ್ಲೇಟ್ ಕೇಸರಿಬಾತ್ ಮುಗಿಸಿ ಬರುತ್ತಾರೆ. ಇಬ್ಬರನ್ನೂ ಒಂದೇ ಅಳತೆಗೋಲಿನಲ್ಲಿ ಅಳೆಯುವುದು ಹೇಗೆ? ಶುಗರ್ ಇರುವವರು ಹಿಡಿತದಲ್ಲಿದೆಯಾ ಅಂತ ನೋಡಿಕೊಳ್ಳಲು ಪಿಪಿ ಒಳ್ಳೆಯದು. ಶುಗರ್ ಇದೆಯಾ ಇಲ್ಲವಾ ಅಂತ ತೀರ್ಮಾನಿಸಲು ಅಳತೆ ಮಾಡಿದ ಗ್ಲೂಕೋಸ್ ಕುಡಿಸುವ ಜಿಟಿಟಿಯೇ ಸರಿ.

ಮೊದಲ ಸಲ ಮಾಡಿಸುವವರಿಗೆ ನನ್ನ ಮಾತು: ಫಾಸ್ಟಿಂಗ್ ಮತ್ತು ಎ1ಸಿ ಒಟ್ಟಿಗೆ ಮಾಡಿಸಿ, ಜೊತೆಗೆ ಹಿಮೋಗ್ಲೋಬಿನ್ ಕೂಡ. ಹಿಮೋಗ್ಲೋಬಿನ್ ಯಾಕೆ ಅನ್ನುವುದು ಮುಂದೆ ಬರುತ್ತದೆ.

ಹಿಂದಿನ ರಾತ್ರಿ

ಎಂಟು ಗಂಟೆ ಏನೂ ತಿನ್ನದೆ ಇರಬೇಕು. ರಾತ್ರಿ ಒಂಬತ್ತಕ್ಕೆ ಊಟ ಮುಗಿಸಿ ಬೆಳಗ್ಗೆ ಏಳಕ್ಕೆ ಬನ್ನಿ, ಸಾಕು. ನೀರು ಕುಡಿಯಿರಿ, ಚೆನ್ನಾಗೇ ಕುಡಿಯಿರಿ, ನರ ಸುಲಭವಾಗಿ ಸಿಗುತ್ತದೆ. ಕಾಫಿ, ಟೀ, ಮಜ್ಜಿಗೆ, ಎಳನೀರು ಯಾವುದೂ ಬೇಡ. ಬೆಲ್ಲದ್ದೂ ಬೇಡ. ಹೂಟಗಳ್ಳಿ, ಹೆಬ್ಬಾಳದ ಫ್ಯಾಕ್ಟರಿಗಳಲ್ಲಿ ನೈಟ್ ಶಿಫ್ಟ್ ಮುಗಿಸಿ ಬರುವವರು ನೆನಪಿಟ್ಟುಕೊಳ್ಳಿ. ರಾತ್ರಿ ಎರಡು ಗಂಟೆಗೆ ಕ್ಯಾಂಟೀನಲ್ಲಿ ತಿಂದು ಬೆಳಗ್ಗೆ ಆರಕ್ಕೆ ಬಂದರೆ ಅದು ಫಾಸ್ಟಿಂಗ್ ಅಲ್ಲ.

ಟೆಸ್ಟ್ ಇದೆ ಅಂತ ಮೂರು ದಿನ ಅನ್ನ, ಮುದ್ದೆ ಬಿಟ್ಟು ಸೌತೆಕಾಯಿ ತಿಂದುಕೊಂಡು ಬರುವವರಿದ್ದಾರೆ. ಪರೀಕ್ಷೆಗೆ ಕಾಪಿ ಹೊಡೆದ ಹಾಗೆ. ಜಿಟಿಟಿ ಆದರೆ ಇದರಿಂದ ಉಲ್ಟಾ ಹೊಡೆತ ಬೀಳುತ್ತದೆ. ಮೂರು ದಿನ ಪಿಷ್ಟ ಬಿಟ್ಟ ಮೈಗೆ ಒಮ್ಮೆಲೇ 75 ಗ್ರಾಂ ಗ್ಲೂಕೋಸ್ ಸುರಿದರೆ ತಡೆದುಕೊಳ್ಳಲಾಗದೆ ನಂಬರ್ ಇನ್ನೂ ಮೇಲೆ ಹೋಗಬಹುದು. ದಿನಾ ತಿನ್ನುವುದನ್ನೇ ತಿಂದು ಬನ್ನಿ.

ಜ್ವರ ಇದ್ದರೆ, ಆಪರೇಷನ್ ಆಗಿದ್ದರೆ, ಉಬ್ಬಸಕ್ಕೋ ಚರ್ಮಕ್ಕೋ ಸ್ಟೀರಾಯ್ಡ್ ಮಾತ್ರೆ ನುಂಗುತ್ತಿದ್ದರೆ ಡಾಕ್ಟರಿಗೆ ಮೊದಲೇ ಹೇಳಿ. ಇವುಗಳಿಂದ ಸಕ್ಕರೆ ತಾನಾಗಿ ಏರುತ್ತದೆ. ಹಾಗಂತ ನೀವೇ ಯಾವ ಮಾತ್ರೆಯನ್ನೂ ನಿಲ್ಲಿಸಬೇಡಿ. ಬೆಳಗ್ಗೆ ಓಡಿ, ಬೆಟ್ಟ ಹತ್ತಿ ಬರಬೇಡಿ. ವಾಕಿಂಗ್ ರಕ್ತ ಕೊಟ್ಟ ಮೇಲೆ ಮಾಡಿ. ಬಂದ ಮೇಲೆ ಹತ್ತು ನಿಮಿಷ ಕೂತು ಸುಧಾರಿಸಿಕೊಳ್ಳಿ.

ಕುರ್ಚಿಯಲ್ಲಿ ಕೂತಾಗ: ಮುಚ್ಚಳದ ಬಣ್ಣ ನೋಡಿ

ಇದನ್ನು ಯಾರೂ ಹೇಳಿಕೊಡುವುದಿಲ್ಲ. ಸಕ್ಕರೆಗೆ ಬೂದು ಬಣ್ಣದ ಮುಚ್ಚಳದ ಟ್ಯೂಬ್, ಎ1ಸಿಗೆ ನೇರಳೆ ಮುಚ್ಚಳದ್ದು. ಟ್ಯೂಬಿಗೆ ಹಾಕಿದ ರಕ್ತ ಸತ್ತಿರುವುದಿಲ್ಲ. ಒಳಗಿನ ಕಣಗಳು ಬದುಕಿದ್ದು ಸಕ್ಕರೆ ತಿನ್ನುತ್ತಲೇ ಇರುತ್ತವೆ. ಹಾಗೇ ಬಿಟ್ಟರೆ ಗಂಟೆಗೆ ನೂರಕ್ಕೆ ಐದರಿಂದ ಏಳರಷ್ಟು ಸಕ್ಕರೆ ಮಾಯ. ಬೂದು ಟ್ಯೂಬಿನ ತಳದಲ್ಲಿ ಬಿಳಿ ಪುಡಿ ಇರುತ್ತದಲ್ಲ, ಅದರಲ್ಲಿರುವ ಸೋಡಿಯಂ ಫ್ಲೋರೈಡ್ ಈ ತಿನ್ನುವುದನ್ನು ನಿಲ್ಲಿಸುತ್ತದೆ. ಅದೂ ತಕ್ಷಣ ಅಲ್ಲ, ಪೂರ್ತಿ ನಿಲ್ಲಲು ಒಂದೆರಡು ಗಂಟೆ ಹಿಡಿಯುತ್ತದೆ. ಅದಕ್ಕೇ ನಾವು ಟ್ಯೂಬನ್ನು ಎಂಟು-ಹತ್ತು ಸಲ ಮೆಲ್ಲಗೆ ಮೇಲೆ ಕೆಳಗೆ ಮಾಡಿ, ಬೇಗ ಮಿಷಿನ್‌ನಲ್ಲಿ ತಿರುಗಿಸಿ ಕಣಗಳನ್ನು ಬೇರೆ ಮಾಡುವುದು.

ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ, ಹೆಸರು ಬೇಡ, ಮನೆಮನೆಗೆ ಹೋಗಿ ರಕ್ತ ತರುವ ಹುಡುಗ ಆರು ಗಂಟೆಗೆ ಹೊರಟು ಇಪ್ಪತ್ತು ಮನೆ ಮುಗಿಸಿ ಹನ್ನೊಂದಕ್ಕೆ ಬರುತ್ತಿದ್ದ. ಅಲ್ಲಿಯವರೆಗೆ ಟ್ಯೂಬ್‌ಗಳು ಸ್ಕೂಟರ್ ಡಿಕ್ಕಿಯಲ್ಲಿ, ಏಪ್ರಿಲ್ ಬಿಸಿಲಲ್ಲಿ. ಒಬ್ಬ ನಿವೃತ್ತ ಮೇಷ್ಟ್ರಿಗೆ ಫಾಸ್ಟಿಂಗ್ 97 ಅಂತ ರಿಪೋರ್ಟ್ ಹೋಯಿತು. ಅವರಿಗೆ ಅನುಮಾನ ಬಂದು ಮುಂದಿನ ವಾರ ತಾವೇ ಲ್ಯಾಬಿಗೆ ಬಂದು ಕೊಟ್ಟರು, 119 ಬಂತು. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಏನು ಹೇಳಬೇಕೋ ಗೊತ್ತಾಗಲಿಲ್ಲ ನನಗೆ. ಅಂದಿನಿಂದ ನಾನು ಹೇಳುವುದು ಇಷ್ಟೇ: ಮನೆಗೆ ಬಂದು ತೆಗೆದುಕೊಂಡು ಹೋಗುವವರನ್ನು "ಇದು ಎಷ್ಟೊತ್ತಿಗೆ ಲ್ಯಾಬ್ ಸೇರುತ್ತೆ, ಐಸ್ ಪೆಟ್ಟಿಗೆ ಇದೆಯಾ" ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ. ಆದರೆ ನೀವೇ ಲ್ಯಾಬಿಗೆ ಹೋಗುವುದು ಒಳ್ಳೆಯದು. ಎ1ಸಿಗೆ ಈ ತೊಂದರೆ ಇಲ್ಲ, ನೇರಳೆ ಟ್ಯೂಬ್ ಫ್ರಿಜ್‌ನಲ್ಲಿ ದಿನಗಟ್ಟಲೆ ಕೆಡದೆ ಇರುತ್ತದೆ. ಆದರೆ ರಿಪೋರ್ಟಿನಲ್ಲಿ ಎಚ್‌ಪಿಎಲ್‌ಸಿ ಅನ್ನುವ ವಿಧಾನದ ಹೆಸರೋ, ಎನ್‌ಜಿಎಸ್‌ಪಿ ಮಾನ್ಯತೆಯೋ ಬರೆದಿದೆಯಾ ನೋಡಿ. ಲ್ಯಾಬಿನ ಗುಣಮಟ್ಟ ನೋಡಿ ಕೊಡುವ ಎನ್‌ಎಬಿಎಲ್ ಮಾನ್ಯತೆ ಇದ್ದರೆ ಇನ್ನೂ ಒಳ್ಳೆಯದು.

ಮನೆಯಲ್ಲಿರುವ ಗ್ಲೂಕೋಮೀಟರ್? ಬೆರಳು ಚುಚ್ಚಿ ನೋಡುವುದು ಶುಗರ್ ಇರುವವರ ದಿನದ ಲೆಕ್ಕಕ್ಕೆ. ಅದರ ಅಂತರರಾಷ್ಟ್ರೀಯ ಮಾನದಂಡವೇ ನೂರಕ್ಕೆ 15ರಷ್ಟು ಆಚೆ ಈಚೆ ಆಗಲು ಬಿಡುತ್ತದೆ. ನಿಜವಾದ ನಂಬರ್ 118 ಆಗಿದ್ದರೆ ಮೀಟರ್ 101 ಅನ್ನಬಹುದು, 135 ಅಂತಲೂ ಅನ್ನಬಹುದು. ಒಂದು ಪಾಸಿನ ಹತ್ತಿರ, ಇನ್ನೊಂದು ಫೇಲು. ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ "ನಮ್ಮ ಕ್ಲಿನಿಕ್"ನಲ್ಲಿ ಬೆರಳು ಚುಚ್ಚಿ ಜಾಸ್ತಿ ಇದೆ ಅಂದರೆ ತೋಳಿನ ರಕ್ತ ಕೊಟ್ಟು ಖಚಿತ ಮಾಡಿಕೊಳ್ಳಿ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಮಂಡ್ಯದಲ್ಲಿ ಮಿಮ್ಸ್ ಆಸ್ಪತ್ರೆ ಇದ್ದೇ ಇವೆ.

ರಿಪೋರ್ಟ್ ಕೈಗೆ ಬಂದಾಗ

ಫಾಸ್ಟಿಂಗ್: 100ಕ್ಕಿಂತ ಕಮ್ಮಿ ಇದ್ದರೆ ಸರಿ. 100ರಿಂದ 125 ಅಂಚು. 126 ಮತ್ತು ಮೇಲೆ ಡಯಾಬಿಟಿಸ್.

ಜಿಟಿಟಿ, ಎರಡು ಗಂಟೆಯದ್ದು: 140ಕ್ಕಿಂತ ಕಮ್ಮಿ ಸರಿ. 140ರಿಂದ 199 ಅಂಚು. 200 ಮತ್ತು ಮೇಲೆ ಡಯಾಬಿಟಿಸ್.

ಎ1ಸಿ: 5.7ಕ್ಕಿಂತ ಕಮ್ಮಿ ಸರಿ. 5.7ರಿಂದ 6.4 ಅಂಚು. 6.5 ಮತ್ತು ಮೇಲೆ ಡಯಾಬಿಟಿಸ್.

ಇವು ಅಮೆರಿಕದ ಡಯಾಬಿಟಿಸ್ ಸಂಘದ ಗೆರೆಗಳು, ನಮ್ಮ ಲ್ಯಾಬ್ ರಿಪೋರ್ಟ್‌ಗಳಲ್ಲಿ ಸಾಮಾನ್ಯವಾಗಿ ಅಚ್ಚಾಗುವುದು ಇವೇ. ವಿಶ್ವ ಆರೋಗ್ಯ ಸಂಸ್ಥೆ ಫಾಸ್ಟಿಂಗ್ ಅಂಚನ್ನು 110ರಿಂದ ಶುರು ಮಾಡುತ್ತದೆ. ಅದಕ್ಕೇ 104 ಬಂದಾಗ ಒಬ್ಬ ಡಾಕ್ಟರ್ "ಪ್ರೀ-ಡಯಾಬಿಟಿಸ್" ಅಂದರೆ ಇನ್ನೊಬ್ಬರು "ಏನಿಲ್ಲ, ವಾಕ್ ಮಾಡಿ" ಅನ್ನುವುದು. ಯಾರೂ ಸುಳ್ಳು ಹೇಳುತ್ತಿಲ್ಲ. 2024ರಲ್ಲಿ ಅಂತರರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ ಜಿಟಿಟಿಯಲ್ಲಿ ಒಂದೇ ಗಂಟೆಗೆ ನೋಡಿದರೂ ಸಾಕು ಅಂದಿದೆ. ಅದರಲ್ಲಿ 155 ಮುಟ್ಟಿದರೆ ಅಂಚು, 209 ಮುಟ್ಟಿದರೆ ಡಯಾಬಿಟಿಸ್. ಎಲ್ಲ ಕಡೆ ಇನ್ನೂ ಚಾಲ್ತಿಗೆ ಬಂದಿಲ್ಲ.

ಒಂದು ಸಲದ ನಂಬರಿನಿಂದ ಹಣೆಪಟ್ಟಿ ಅಂಟಿಸುವಂತಿಲ್ಲ. ಒಂದೇ ದಿನ ಎರಡು ಬೇರೆ ಟೆಸ್ಟ್, ಉದಾಹರಣೆಗೆ ಫಾಸ್ಟಿಂಗ್ ಮತ್ತು ಎ1ಸಿ, ಎರಡೂ ಡಯಾಬಿಟಿಸ್ ಗೆರೆ ದಾಟಿದರೆ ಆಯಿತು. ಒಂದೇ ದಾಟಿದರೆ ಅದೇ ಟೆಸ್ಟನ್ನು ಇನ್ನೊಂದು ದಿನ ಮತ್ತೆ ಮಾಡಿಸಬೇಕು. ಇದಕ್ಕೊಂದು ವಿನಾಯಿತಿ ಇದೆ. ಬಾಯಾರಿಕೆ, ಪದೇ ಪದೇ ಮೂತ್ರ, ಕಾರಣವಿಲ್ಲದೆ ತೂಕ ಇಳಿಯುವುದು, ಇವೆಲ್ಲ ಇದ್ದು ಯಾವ ಹೊತ್ತಿನಲ್ಲಿ ನೋಡಿದರೂ 200 ಅಥವಾ ಮೇಲೆ ಇದ್ದರೆ ಇನ್ನೊಂದು ಟೆಸ್ಟಿಗೆ ಕಾಯಬೇಕಾಗಿಲ್ಲ. ಜೊತೆಗೆ ವಾಂತಿ, ಏದುಸಿರು, ಮಂಪರು ಇದ್ದರಂತೂ ಲ್ಯಾಬಿಗೆ ಬರಲೇಬೇಡಿ, ನೇರ ಆಸ್ಪತ್ರೆಗೆ ಹೋಗಿ.

ನಂಬರ್‌ಗಳು ಜಗಳ ಆಡಿದಾಗ

ನಮ್ಮಕ್ಕ ಮದ್ದೂರು ಹತ್ತಿರದ ಹಳ್ಳಿಯಲ್ಲಿದ್ದಾಳೆ. ಹೋದ ವರ್ಷ ಊರಲ್ಲಿ ಕ್ಯಾಂಪ್ ಮಾಡಿದ್ದರು, ಎ1ಸಿ 6.2 ಬಂತು. ಫೋನ್ ಮಾಡಿದಳು. "ನಂಗೂ ಸಕ್ರೆ ಕಾಯ್ಲೆ ಬಂತು ಕಣೋ. ಅವ್ವನ್ ತರ ನಂದೂ ಕಾಲು ಹೋಯ್ತದೆ." ರಾತ್ರಿ ಊಟ ಬಿಟ್ಟಿದ್ದಳು. ರಿಪೋರ್ಟ್ ಫೋಟೋ ಕಳಿಸು ಅಂದೆ. ಕೆಳಗಿನ ಸಾಲಿನಲ್ಲಿ ಹಿಮೋಗ್ಲೋಬಿನ್ 8.6 ಅಂತ ಇತ್ತು, ಅಂದರೆ ರಕ್ತ ಬಹಳ ಕಮ್ಮಿ, ಅದನ್ನು ಯಾರೂ ನೋಡಿಯೇ ಇಲ್ಲ! ಮೈಸೂರಿಗೆ ಕರೆಸಿ ಡಾಕ್ಟರಿಗೆ ತೋರಿಸಿದೆ, ಅವರು ಜಿಟಿಟಿ ಬರೆದರು. ಫಾಸ್ಟಿಂಗ್ 91, ಎರಡು ಗಂಟೆಗೆ 118. ಎರಡೂ ಸರಿಯಾಗೇ ಇದ್ದವು.

ಆದದ್ದು ಇಷ್ಟು. ಕಬ್ಬಿಣದ ಅಂಶ ಕಮ್ಮಿಯಾದಾಗ ಹೊಸ ರಕ್ತಕಣ ಹುಟ್ಟುವುದು ನಿಧಾನವಾಗುತ್ತದೆ, ಹಳೆಯ ಕಣಗಳೇ ಜಾಸ್ತಿ ಉಳಿದಿರುತ್ತವೆ. ಹಳೆಯದಕ್ಕೆ ಸಕ್ಕರೆ ಅಂಟಲು ಜಾಸ್ತಿ ದಿನ ಸಿಕ್ಕಿರುತ್ತದೆ. ಹಾಗಾಗಿ ರಕ್ತದಲ್ಲಿ ಸಕ್ಕರೆ ಸರಿಯಾಗಿದ್ದರೂ ಎ1ಸಿ ಮೇಲೆ ತೋರಿಸುತ್ತದೆ. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ಮೂರು ತಿಂಗಳು ನುಂಗಿದ ಮೇಲೆ ಎ1ಸಿ 5.6ಕ್ಕೆ ಇಳಿಯಿತು. ನಮ್ಮ ಕಡೆ ರಕ್ತ ಕಮ್ಮಿ ಇರುವ ಹೆಂಗಸರು ಎಷ್ಟು ಜನ ಅಂತ ನಿಮಗೇ ಗೊತ್ತು. ಎ1ಸಿ ಜೊತೆಗೆ ಹಿಮೋಗ್ಲೋಬಿನ್ ನೋಡಿ ಅಂದಿದ್ದು ಇದಕ್ಕೇ.

ಉಲ್ಟಾ ಕೂಡ ಆಗುತ್ತದೆ. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಹಾಕಿಸಿಕೊಂಡಿದ್ದರೆ, ರಕ್ತಕಣ ಬೇಗ ಒಡೆಯುವ ಕಾಯಿಲೆ ಇದ್ದರೆ, ಡಯಾಲಿಸಿಸ್‌ನಲ್ಲಿದ್ದು ರಕ್ತ ಹೆಚ್ಚಿಸುವ ಇಂಜೆಕ್ಷನ್ ತಗೊಳ್ಳುತ್ತಿದ್ದರೆ, ಬಸುರಿಯಾಗಿದ್ದರೆ, ಎ1ಸಿ ಇರುವುದಕ್ಕಿಂತ ಕಮ್ಮಿ ತೋರಿಸಬಹುದು. ಥಲಸ್ಸೀಮಿಯಾ, ಸಿಕಲ್ ಸೆಲ್ ಅನ್ನುವ ವಂಶಪಾರಂಪರ್ಯ ರಕ್ತದ ಕಾಯಿಲೆ ಇರುವ ಕುಟುಂಬದವರೂ ಹೇಳಿಬಿಡಬೇಕು. ಇಂಥವರಿಗೆ ಫಾಸ್ಟಿಂಗ್ ಮತ್ತು ಜಿಟಿಟಿಯೇ ಗಟ್ಟಿ. ಕೆಲವೊಮ್ಮೆ ಡಾಕ್ಟರ್ ಫ್ರಕ್ಟೋಸಮೈನ್ ಬರೆಯುತ್ತಾರೆ. ಅದು ರಕ್ತದ ಪ್ರೋಟೀನಿಗೆ ಅಂಟಿದ ಸಕ್ಕರೆ, ಎರಡು-ಮೂರು ವಾರದ ಲೆಕ್ಕ ಹೇಳುತ್ತದೆ.

ಇನ್ನೊಂದು ಕಥೆ ನಮ್ಮ ಸೋದರಮಾವನದ್ದು. ವಯಸ್ಸು 56, ಸಣ್ಣ ಮೈ, ಹೊಟ್ಟೆ ಮಾತ್ರ ಮುಂದೆ. ನಾಲ್ಕು ವರ್ಷದಿಂದ ಬರೀ ಫಾಸ್ಟಿಂಗ್ ಮಾಡಿಸಿ 96, 98, 97 ಅಂತ ಎಲ್ಲರಿಗೂ ತೋರಿಸಿಕೊಂಡು ಓಡಾಡುತ್ತಿದ್ದರು. "ಮುದ್ದೆ ತಿನ್ನೋನಿಗೆ ಎಲ್ ಬತ್ತದ್ಲಾ ಶುಗರ್ರು?" ಒತ್ತಾಯ ಮಾಡಿ ಜಿಟಿಟಿಗೆ ಕೂರಿಸಿದೆ. ಫಾಸ್ಟಿಂಗ್ 98, ಎರಡು ಗಂಟೆಗೆ 204. ಹತ್ತು ದಿನ ಬಿಟ್ಟು ಮತ್ತೆ ಮಾಡಿದಾಗ 211. ಮಾವ ಆವತ್ತು ಲ್ಯಾಬಿನಿಂದ ಹೋಗುವಾಗ ಮಾತಾಡಲಿಲ್ಲ.

ಯಾಕೆ ಹೀಗೆ ಅಂದರೆ, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ ಮುಖ್ಯವಾಗಿ ರಾತ್ರಿಯೆಲ್ಲ ಲಿವರ್ ಎಷ್ಟು ಬಿಟ್ಟಿತು ಅನ್ನುವುದರ ಲೆಕ್ಕ. ಊಟದ ನಂತರದ್ದು ಬೇರೆ ಲೆಕ್ಕ: ಮೇದೋಜ್ಜೀರಕ ಗ್ರಂಥಿ ಎಷ್ಟು ಬೇಗ ಇನ್ಸುಲಿನ್ ಸುರಿಸಿತು, ಸ್ನಾಯುಗಳು ಸಕ್ಕರೆಯನ್ನು ಎಷ್ಟು ಎಳೆದುಕೊಂಡವು. ಮೊದಲನೆಯದು ಸರಿಯಿದ್ದು ಎರಡನೆಯದು ಕೆಟ್ಟಿರುವವರು ನಮ್ಮ ಜನರಲ್ಲಿ ಕಮ್ಮಿಯೇನಿಲ್ಲ. ಮನೆಯಲ್ಲಿ ಶುಗರ್ ಇದ್ದು, ಸೊಂಟ ದಪ್ಪ ಇದ್ದು, ಫಾಸ್ಟಿಂಗ್ ಮಾತ್ರ 95-105ರಲ್ಲೇ ಆಡುತ್ತಿದ್ದರೆ ಒಮ್ಮೆ ಜಿಟಿಟಿ ಮಾಡಿಸಿಬಿಡಿ. ಅಂದಹಾಗೆ ರಾಗಿಯೂ ಪಿಷ್ಟವೇ. ಅನ್ನಕ್ಕಿಂತ ನಾರು ಜಾಸ್ತಿ, ಸುಣ್ಣದಂಶ ಜಾಸ್ತಿ, ಒಪ್ಪಿದೆ. ಆದರೆ ಮಾವನ ಮುದ್ದೆ ತೆಂಗಿನಕಾಯಿ ಗಾತ್ರದ್ದು, ಅದೂ ಎರಡು.

ಜಾಸ್ತಿ ಟೆಸ್ಟ್‌ಗಳ ಪ್ಯಾಕೇಜ್

ಇಲ್ಲಿ ನಮ್ಮ ಲೈನಿನವರು ನನ್ನನ್ನು ಬೈಯಬಹುದು. "80 ಟೆಸ್ಟ್, ಒಂದೇ ಬೆಲೆ" ಅನ್ನುವ ಪ್ಯಾಕೇಜ್‌ಗಳಲ್ಲಿ ಶುಗರ್ ಪತ್ತೆಗೆ ಬೇಕಾದವು ಮೂರೋ ನಾಲ್ಕೋ.

ಫಾಸ್ಟಿಂಗ್ ಇನ್ಸುಲಿನ್, ಹೋಮಾ-ಐಆರ್ ಅಂತ ಬರೆದಿರುತ್ತಾರೆ. ಫಾಸ್ಟಿಂಗ್ ಸಕ್ಕರೆಯನ್ನು ಇನ್ಸುಲಿನ್‌ನಿಂದ ಗುಣಿಸಿ 405ರಿಂದ ಭಾಗಿಸಿದರೆ ಬರುವ ಅಂಕಿ ಅದು. ಸಕ್ಕರೆ 104, ಇನ್ಸುಲಿನ್ 16 ಆದರೆ 4.1. ಮೈ ಇನ್ಸುಲಿನ್‌ಗೆ ಬಗ್ಗುತ್ತಿಲ್ಲ ಅನ್ನುವ ಸುಳಿವು ಸಿಗುತ್ತದೆ, ನಿಜ. ಆದರೆ ಇನ್ಸುಲಿನ್ ಅಳತೆ ಮಿಷಿನ್‌ನಿಂದ ಮಿಷಿನ್‌ಗೆ ಬೇರೆ ಬರುತ್ತದೆ, ಎಲ್ಲರೂ ಒಪ್ಪಿದ ಗೆರೆಯೂ ಇಲ್ಲ. ಕೂದಲಿಗೆ ಅಂತ ಬಯೋಟಿನ್ ಮಾತ್ರೆ ನುಂಗುತ್ತಿದ್ದರೆ ಕೆಲವು ಮಿಷಿನ್‌ಗಳಲ್ಲಿ ಇನ್ಸುಲಿನ್ ತಪ್ಪೇ ಬರುತ್ತದೆ. ಇದರಿಂದ ಡಯಾಬಿಟಿಸ್ ಅಂತ ತೀರ್ಮಾನಿಸುವುದಿಲ್ಲ. ಅದರ ಬದಲು ರಕ್ತದ ಕೊಬ್ಬು ನೋಡುವ ಲಿಪಿಡ್ ಟೆಸ್ಟಿನಲ್ಲೇ ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಒಳ್ಳೆ ಕೊಲೆಸ್ಟ್ರಾಲ್ ಗಂಡಸರಿಗೆ 40ಕ್ಕಿಂತ, ಹೆಂಗಸರಿಗೆ 50ಕ್ಕಿಂತ ಕೆಳಗೆ ಇದ್ದರೆ ಅದೇ ಸಾಕಷ್ಟು ಹೇಳುತ್ತದೆ. ಅಡಿಪೊನೆಕ್ಟಿನ್ (ಮೈ ಕೊಬ್ಬಿನಿಂದ ಬರುವ ಹಾರ್ಮೋನ್), ಅಮೈನೋ ಆಮ್ಲಗಳು ಇವೆಲ್ಲ ಸಂಶೋಧನೆಯಲ್ಲಿ ಮುಂಚಿತವಾಗಿ ಅಪಾಯ ತೋರಿಸುತ್ತವೆ. ಇವತ್ತು ನಿಮ್ಮ ಜೇಬಿನಿಂದ ದುಡ್ಡು ಕೊಟ್ಟು ಮಾಡಿಸುವಂಥದ್ದಲ್ಲ.

ನಿಜಕ್ಕೂ ಬೇಕಾಗುವ ಎರಡು ಟೆಸ್ಟ್ ಇವೆ, ಎಲ್ಲರಿಗೂ ಅಲ್ಲ. ದೊಡ್ಡ ವಯಸ್ಸಲ್ಲಿ ಬಂದದ್ದೆಲ್ಲ ಟೈಪ್ 2, ಅಂದರೆ ಸಾಮಾನ್ಯವಾಗಿ ಕಾಣುವ ಶುಗರ್, ಅಲ್ಲ. ಮೂವತ್ತು ನಲವತ್ತರಲ್ಲಿ, ತೆಳ್ಳಗಿರುವವರಿಗೆ, ಬೇಗ ಬೇಗ ತೂಕ ಇಳಿದು, ಮಾತ್ರೆಗೆ ಜಗ್ಗದೆ ಶುಗರ್ ಏರುತ್ತಿದ್ದರೆ ಮೈಯೇ ತನ್ನ ಇನ್ಸುಲಿನ್ ತಯಾರಿಸುವ ಕಣಗಳ ಮೇಲೆ ದಾಳಿ ಮಾಡುತ್ತಿರಬಹುದು. ಆಗ ಡಾಕ್ಟರ್ ಜಿಎಡಿ ಆಂಟಿಬಾಡಿ (ಆ ದಾಳಿಯ ಗುರುತು) ಮತ್ತು ಸಿ-ಪೆಪ್ಟೈಡ್ ಬರೆಯುತ್ತಾರೆ. ಸಿ-ಪೆಪ್ಟೈಡ್ ಅಂದರೆ ಇನ್ಸುಲಿನ್ ತಯಾರಾಗುವಾಗ ಕತ್ತರಿಸಿ ಬೀಳುವ ತುಂಡು. ಅದು ಎಷ್ಟಿದೆ ಅಂತ ನೋಡಿದರೆ ಮೈಯೊಳಗೆ ಇನ್ಸುಲಿನ್ ಎಷ್ಟು ತಯಾರಾಗುತ್ತಿದೆ ಅಂತ ಗೊತ್ತಾಗುತ್ತದೆ. ಇಂಥವರಿಗೆ ಇನ್ಸುಲಿನ್ ಬೇಗ ಬೇಕಾಗುತ್ತದೆ, ಕಷಾಯ ಕುಡಿಸುತ್ತಾ ಕೂತರೆ ಜೀವಕ್ಕೆ ಅಪಾಯ.

ಅಂಚಿನಲ್ಲಿದ್ದೀರಿ ಅಂತ ಗೊತ್ತಾದ ಮೇಲೆ

ಡಾಕ್ಟರನ್ನು ನೋಡಿ. ಮಾತ್ರೆ ಬೇಕೋ ಬೇಡವೋ ಅವರು ಹೇಳುತ್ತಾರೆ. ಬಹಳ ಜನಕ್ಕೆ ಮೊದಲ ಮದ್ದು ನಡಿಗೆ ಮತ್ತು ತಟ್ಟೆ. ಚೆನ್ನೈನಲ್ಲಿ ಇಂಥ ಅಂಚಿನವರನ್ನೇ ಇಟ್ಟುಕೊಂಡು ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಊಟ-ನಡಿಗೆ ಬದಲಿಸಿದವರಲ್ಲಿ ಡಯಾಬಿಟಿಸ್‌ಗೆ ಜಾರುವ ಸಾಧ್ಯತೆ ನೂರಕ್ಕೆ 28ರಷ್ಟು ಕಮ್ಮಿಯಾಯಿತು. ಅಮೆರಿಕದ ಇಂಥದ್ದೇ ಅಧ್ಯಯನದಲ್ಲಿ, ಅದು 2002ರದ್ದು, 58ರಷ್ಟು. ಅವರ ಗುರಿ ತೂಕದಲ್ಲಿ ನೂರಕ್ಕೆ 7 ಇಳಿಸುವುದು, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯುವುದು. 70 ಕೆ.ಜಿ. ಇದ್ದರೆ ಐದು ಕೆ.ಜಿ. ಹತ್ತಿರ. ಕುಕ್ಕರಹಳ್ಳಿ ಕೆರೆಯಾದರೂ ಸರಿ, ನಾಲೆ ಏರಿಯಾದರೂ ಸರಿ. ಮುದ್ದೆ ಒಂದಕ್ಕೆ ಇಳಿಸಿ, ಬಸ್ಸಾರಿನ ಸೊಪ್ಪು ಕಾಳನ್ನು ಎರಡರಷ್ಟು ಹಾಕಿಕೊಳ್ಳಿ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದರೆ ರಕ್ತಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆಲೆಮನೆ ಬೆಲ್ಲವಾದರೂ ಅಷ್ಟೇ, ನನಗೂ ಬೇಜಾರೇ.

ಎ1ಸಿಯನ್ನು ತಿಂಗಳು ತಿಂಗಳು ನೋಡಬೇಡಿ, ದುಡ್ಡು ದಂಡ. ಮೂರು ತಿಂಗಳಾದರೂ ಬಿಡಿ. ಅಂಚಿನಲ್ಲಿರುವವರು ವರ್ಷಕ್ಕೊಮ್ಮೆ ತಪ್ಪದೆ, ಎಲ್ಲ ಸರಿಯಿದ್ದವರು ಮೂರು ವರ್ಷಕ್ಕೊಮ್ಮೆ. ಡಯಾಬಿಟಿಸ್ ಅಂತ ಖಚಿತವಾದವರು ಅದೇ ವಾರದಲ್ಲಿ ಕಿಡ್ನಿಗೆ ಕ್ರಿಯಾಟಿನಿನ್, ಮೂತ್ರದಲ್ಲಿ ಆಲ್ಬುಮಿನ್, ಲಿಪಿಡ್, ಕಣ್ಣಿನ ಹಿಂಭಾಗದ ಪರೀಕ್ಷೆ ಕೇಳಿ ಮಾಡಿಸಿಕೊಳ್ಳಿ. ಕಾಯಿಲೆ ಗೊತ್ತಾಗುವ ಎಷ್ಟೋ ವರ್ಷ ಮೊದಲೇ ಶುರುವಾಗಿರಬಹುದು.

ಸಾಧ್ಯವಾದಷ್ಟು ಒಂದೇ ಲ್ಯಾಬಿನಲ್ಲಿ ಮಾಡಿಸಿ, ಹಳೇ ರಿಪೋರ್ಟ್ ತನ್ನಿ. ವಾಟ್ಸಾಪ್‌ನಲ್ಲಿದೆ ಅನ್ನುತ್ತಾರೆ, ಆಮೇಲೆ ಅರ್ಧ ಗಂಟೆ ಹುಡುಕುತ್ತಾರೆ. ನಮ್ಮಕ್ಕ ಈಗ ಎಲ್ಲವನ್ನೂ ಪಾಸ್‌ಬುಕ್ ಇಡುವ ಪ್ಲಾಸ್ಟಿಕ್ ಕವರಿನಲ್ಲೇ ಇಡುತ್ತಾಳೆ. ಪ್ರತಿ ರಿಪೋರ್ಟಿನ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದಿರುತ್ತಾಳೆ: "ರಾತ್ರಿ 8ಕ್ಕೆ ಊಟ. ಜ್ವರ ಇರ್ಲಿಲ್ಲ. ಕಬ್ಬಿಣದ ಮಾತ್ರೆ ನಡೀತಾ ಇದೆ."